ಎಷ್ಟು ದಿನ ಬೇಕಾದೀತು?

ವಿಜ್ಞಾನದ ವಿದ್ಯಾರ್ಥಿಗಳಿಗೆ ಕನ್ನಡ ಪಾಠ ಹೇಳುವ ಭಾಗ್ಯ ನನ್ನಂಥ ಉಪನ್ಯಾಸಕರಿಗೆ ವಾರಕ್ಕೆ ನಾಲ್ಕು ಗಂಟೆ ಒದಗುತ್ತದೆ. ಅವರ ದೇಹ ನಮ್ಮೆದುರಿಗಿರುತ್ತದೆ, ಮನಸ್ಸು ಪ್ರಯೋಗಶಾಲೆಯಲ್ಲಿರುತ್ತದೆ. ಅಂಥ ಒಂದು ತರಗತಿಯಲ್ಲಿ, ಕೆಲವು ವರ್ಷಗಳ ಹಿಂದೆ, ನಾನು ಮಾತ್ರಾಗಣಗಳನ್ನು ವಿವರಿಸುತ್ತಿದ್ದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಹೀಗಾಗಿ ನಾಲ್ಕು ಮಾತ್ರೆಯ ಗಣವನ್ನು ಐದು ಬಗೆಯಾಗಿ ತುಂಬಬಹುದೆಂದು ಹೇಳಿ, ಐದನ್ನೂ ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, “ಐದು ಮಾತ್ರೆಗೆ ಎಂಟು ಬಗೆ, ಆರಕ್ಕೆ ಹದಿಮೂರು, ಅಲ್ಲವೆ ಸಾರ್?” ಎಂದ. ಆರು ಮಾತ್ರೆಯ ಪ್ರಸ್ತಾರವನ್ನು ನಾನು ಎಂದೂ ಬರೆದು ನೋಡಿದವನಲ್ಲ. ಅಂದು ರಾತ್ರಿ ಮನೆಯಲ್ಲಿ ಬರೆದು ನೋಡಿದೆ, ಹದಿಮೂರೇ ಬಂತು. ಹಿಂದಿನ ಎರಡು ಸಂಖ್ಯೆಗಳನ್ನು ಕೂಡಿದರೆ ಮುಂದಿನದು ದೊರೆಯುತ್ತದೆಂಬುದು ಅವನಿಗೆ ಗೊತ್ತಿತ್ತು. ನಮ್ಮ ದೇಶದ ಛಂದಶ್ಶಾಸ್ತ್ರಜ್ಞರಿಗೂ ಅದು ಸಾವಿರ ವರ್ಷಗಳ ಹಿಂದೆಯೇ ಗೊತ್ತಿತ್ತೆಂಬುದು ನನಗೆ ಗೊತ್ತಿರಬೇಕಾಗಿತ್ತು.

ಆ ಹುಡುಗನೇ ಈ ಲೇಖನಕ್ಕೆ ಕಾರಣ. ಬಿ.ಎಸ್ಸಿ. ಮುಗಿಸಿ ಅವನು ಅನ್ವಯಿಕ ಗಣಿತದಲ್ಲಿ ಎಂ.ಎಸ್ಸಿ. ಓದಲು ವಿಶ್ವವಿದ್ಯಾನಿಲಯಕ್ಕೆ ಹೋದ. ಎರಡನೆಯ ವರ್ಷದ ಆರಂಭದಲ್ಲಿ ರಜೆಗೆಂದು ಊರಿಗೆ ಬಂದವನು ಒಂದು ಸಂಜೆ ನಮ್ಮ ಮನೆಗೆ ಬಂದು ಕುಳಿತ. ಈಗಿನ ವ್ಯವಸ್ಥೆಯಲ್ಲಿ ವಿದ್ಯಾರ್ಥಿಯು ಬೇರೊಂದು ವಿಭಾಗದಿಂದ ಒಂದು ವಿಷಯವನ್ನು ಮುಕ್ತ ಐಚ್ಛಿಕವೆಂದು ಆರಿಸಿಕೊಳ್ಳಬೇಕಷ್ಟೆ. ಇವನ ಕಣ್ಣು ವಾಣಿಜ್ಯ ಮತ್ತು ನಿರ್ವಹಣ ವಿಭಾಗದವರು ಕಲಿಸುವ ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್’ ಎಂಬುದರ ಮೇಲೆ ಬಿದ್ದಿತ್ತು. ಗಣಿತದ ಗೆಳೆಯರು ನಕ್ಕಿದ್ದರು: ಅದರಲ್ಲಿ ಇರುವುದೆಲ್ಲ ಕೂಡುವುದು, ಕಳೆಯುವುದು, ನಾಲ್ಕನೆಯ ಇಯತ್ತೆಯ ಲೆಕ್ಕ. ನಿರ್ವಹಣ ವಿಭಾಗದ ಪರಿಚಿತರೂ ನಕ್ಕಿದ್ದರು: ಗಣಿತದವರಿಗೆ ಮನುಷ್ಯರ ಸಂಗತಿ ಏನು ತಿಳಿದೀತು? ಎರಡು ಕಟ್ಟಡಗಳ ನಡುವೆ ಒಂದು ಹುಣಿಸೆಯ ಮರ ಮಾತ್ರ ಇದೆಯಂತೆ. ಆದರೆ ಅದನ್ನು ದಾಟಿ ಆಚೆಗೆ ಹೋದವರು ಕಡಿಮೆಯಂತೆ.

“ನೀವೇನು ಹೇಳುತ್ತೀರಿ ಸಾರ್?” ಎಂದ. ಈ ವಿಷಯದಲ್ಲಿ ಮಾತನಾಡುವ ಅಧಿಕಾರ ನನಗೆ ಲವಲೇಶವೂ ಇಲ್ಲ. ಅಧಿಕಾರವಿಲ್ಲದ ಕಡೆ ಕನ್ನಡ ಅಧ್ಯಾಪಕರು ಮಾಡುವುದನ್ನೇ ನಾನೂ ಮಾಡಿದೆ, ಶಬ್ದಾರ್ಥಕ್ಕೆ ಇಳಿದೆ.

‘ಯೋಜನೆ’ ಎಂಬ ಒಂದೇ ಮಾತಿನ ಮೇಲೆ ನಾವು ಹೊರಿಸಿರುವ ಹೊರೆ ದೊಡ್ಡದು. ಐದು ವರ್ಷಗಳಿಗೊಮ್ಮೆ ಸರ್ಕಾರ ಹೊರಡಿಸುತ್ತಿದ್ದ ಹೊತ್ತಗೆಯೂ ಯೋಜನೆ, ಹೊಳೆಗೆ ಅಡ್ಡಲಾಗಿ ಕಟ್ಟುವ ಅಣೆಕಟ್ಟೂ ಯೋಜನೆ, ವೃದ್ಧರಿಗೆ ಮಾಸಾಶನ ಕೊಡುವುದೂ ಯೋಜನೆ. ಮಗಳ ಮದುವೆಯ ವಿಚಾರವಾಗಿ ನಿದ್ದೆ ಬಾರದ ರಾತ್ರಿಯಲ್ಲಿ ಮಾಡುವುದೂ, ಚಕಾರ ಜಕಾರಗಳ ವ್ಯತ್ಯಾಸವನ್ನು ಬಿಟ್ಟರೆ, ಹೆಚ್ಚು ಕಡಿಮೆ ಅದೇ. ಬಗೆದದ್ದಕ್ಕೂ ಮಾಡಿದ್ದಕ್ಕೂ ಒಂದೇ ಹೆಸರಿಟ್ಟುಕೊಂಡಿರುವುದರಿಂದ, ಬಗೆದ ಮಾತ್ರಕ್ಕೆ ಮಾಡಿದಂತಾಯಿತೆಂಬ ಭ್ರಮೆ ನಮ್ಮನ್ನು ಬೇಗ ಹಿಡಿಯುತ್ತದೆಯೋ ಏನೋ. ಅನ್ವಯಿಕ ಗಣಿತವೆಂಬುದಕ್ಕಾದರೋ ನಮ್ಮ ಹಿಂದಿನವರಲ್ಲಿ ಇನ್ನೂ ಸೊಗಸಾದ ಹೆಸರಿತ್ತು. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಬರೆದ ಗಣಿತ ಗ್ರಂಥಕ್ಕೆ ‘ವ್ಯವಹಾರಗಣಿತ’ವೆಂದೇ ಹೆಸರು. ಅವನಿಗಿಂತ ಮೂರು ಶತಮಾನ ಹಿಂದೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ‘ಕವಿರಾಜಮಾರ್ಗ’ ಹುಟ್ಟಿದ ರಾಜ್ಯದಲ್ಲಿಯೇ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ. ಅದರ ಮೊದಲಿನಲ್ಲಿ ಆತ ಗಣಿತವು ಎಲ್ಲೆಲ್ಲಿ ಬೇಕೆಂದು ಪಟ್ಟಿಮಾಡುವಾಗ ಅಡುಗೆಯನ್ನೂ ಬಿಡುವುದಿಲ್ಲ, ನಾಟಕವನ್ನೂ ಬಿಡುವುದಿಲ್ಲ, ಛಂದಸ್ಸು ವ್ಯಾಕರಣಗಳನ್ನೂ ಬಿಡುವುದಿಲ್ಲ. ಹುಣಿಸೆಯ ಮರದ ಈಚೆ ಆಚೆ ಎಂಬ ಭೇದ ಅವರಿಗಿದ್ದಂತೆ ತೋರದು. “ತೆಗೆದುಕೊ” ಎಂದೆ. ಹುಡುಗ ನನ್ನ ಶಬ್ದಾರ್ಥವಿಚಾರವನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡನೋ ಕಾಣೆ, ವಿಷಯವನ್ನಂತೂ ತೆಗೆದುಕೊಂಡ.

ಮುಂದೆ ಅವನು ಬಂದಾಗಲೆಲ್ಲ ನನಗೂ ಅಷ್ಟಿಷ್ಟು ಪಾಠವಾಗುತ್ತಿತ್ತು. ಅನ್ವಯಿಕ ಗಣಿತದ ವ್ಯಾಸಂಗದಲ್ಲಿ ಅವಕಲ ಸಮೀಕರಣಗಳು, ಸಂಭವನೀಯತೆ, ಅಂದಾಜು ಲೆಕ್ಕದ ವಿಧಾನಗಳು ಇವೆಲ್ಲ ಇರುತ್ತವೆ. ಅವುಗಳ ಜೊತೆಗೆ, ಇರುವ ಸಾಧನಗಳನ್ನು ಹೇಗೆ ಹಂಚಿದರೆ ಹೆಚ್ಚು ಫಲ ಎಂಬುದನ್ನು ಕಂಡುಹಿಡಿಯುವ ಒಂದು ಶಾಖೆಯೂ ಇದೆ. ೧೯೩೮ರಲ್ಲಿ ಲೆನಿನ್‌ಗ್ರಾಡಿನ ಕಾಂತರೋವಿಚ್ ಎಂಬ ಗಣಿತಜ್ಞನಿಗೆ ಪ್ಲೈವುಡ್ ತಯಾರಕರು ತಮ್ಮ ಯಂತ್ರಗಳ ಮೇಲೆ ಕೆಲಸವನ್ನು ಹೇಗೆ ಹಂಚಬೇಕೆಂದು ಕೇಳಿದ ಪ್ರಶ್ನೆ ಇದರ ಒಂದು ಮೂಲ. ೧೯೪೭ರಲ್ಲಿ ಅಮೆರಿಕದ ವಾಯುಸೇನೆಗಾಗಿ ಡ್ಯಾಂಟ್‌ಸಿಗ್ ರೂಪಿಸಿದ ವಿಧಾನ ಇನ್ನೊಂದು. ಇದಕ್ಕೆ ಅವರು ‘ಪ್ರೋಗ್ರಾಮಿಂಗ್’ ಎಂದು ಹೆಸರಿಟ್ಟಾಗ ಗಣಕಯಂತ್ರದ ಅರ್ಥ ಅವರ ಮನಸ್ಸಿನಲ್ಲಿರಲಿಲ್ಲ. ಸೈನ್ಯದವರು ತಮ್ಮ ಯೋಜನೆಗಳನ್ನು ‘ಪ್ರೋಗ್ರಾಂ’ ಎನ್ನುತ್ತಿದ್ದರು, ಅಷ್ಟೆ.

ಆದರೆ ಅವನ ಉತ್ಸಾಹ ಮುಖ್ಯವಾಗಿ ಹರಿದದ್ದು ೧೯೫೭–೫೮ರ ಎರಡು ಪ್ರಯತ್ನಗಳ ಕಡೆಗೆ. ಅಮೆರಿಕದ ಡುಪಾಂಟ್ ಎಂಬ ರಾಸಾಯನಿಕ ಕಂಪನಿಯ ಎಂಜಿನಿಯರು ಮಾರ್ಗನ್ ವಾಕರ್, ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಗಣಿತಜ್ಞ ಜೇಮ್ಸ್ ಕೆಲಿ, ಇವರಿಬ್ಬರೂ ಸೇರಿ ಕಾರ್ಖಾನೆ ಕಟ್ಟುವ ಕೆಲಸಗಳನ್ನು ಒಂದು ಬಲೆಯ ಹಾಗೆ ಚಿತ್ರಿಸಿದರು. ಯಾವುದು ಮುಗಿದ ಮೇಲೆ ಯಾವುದು, ಯಾವುದಕ್ಕೆ ಎಷ್ಟು ದಿನ, ಎಂಬುದನ್ನು ಬಾಣಗಳಿಂದ ಗುರುತಿಸಿ, ಮೊದಲಿನಿಂದ ಕೊನೆಯವರೆಗೆ ಅತ್ಯಂತ ಉದ್ದವಾದ ದಾರಿ ಯಾವುದೆಂದು ನೋಡುವುದು. ಆ ದಾರಿಯ ಮೇಲೆ ಒಂದು ದಿನ ತಡವಾದರೆ ಇಡೀ ಕೆಲಸವೇ ಒಂದು ದಿನ ತಡ. ಅದು ‘ಕ್ರಿಟಿಕಲ್ ಪಾತ್’, ನಿರ್ಣಾಯಕ ಪಥವೆನ್ನೋಣ. ಮಿಕ್ಕ ದಾರಿಗಳ ಮೇಲೆ ಸ್ವಲ್ಪ ತಡವಾದರೂ ನಡೆಯುತ್ತದೆ. ಆ ಸಡಿಲಿಗೆ ಅವರು ‘ಫ್ಲೋಟ್’ ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನಬೇಕೆಂದು ಹುಡುಗ ಕೇಳಿದ. “ಸಾವಕಾಶ” ಎಂದೆ. ಅವನಿಗೆ ಅದು ಹಿಡಿಸಿತು. ಅದೇ ಸಮಯದಲ್ಲಿ ಅಮೆರಿಕದ ನೌಕಾದಳದವರು ಪೊಲಾರಿಸ್ ಎಂಬ ಕ್ಷಿಪಣಿಯನ್ನು ಸಿದ್ಧಪಡಿಸುವುದಕ್ಕಾಗಿ ೧೯೫೮ರಲ್ಲಿ ‘ಪರ್ಟ್’ ಎಂಬ ವಿಧಾನವನ್ನು ಹೊರತಂದರು. ಅಲ್ಲಿಯೂ ಇದೇ ಬಲೆ. ಆದರೆ ಒಂದೊಂದು ಕೆಲಸಕ್ಕೂ ಒಂದರ ಬದಲು ಮೂರು ಎಣಿಕೆ. ಅದರ ವಿಚಾರ ಮುಂದೆ ಬರುತ್ತದೆ.

ಒಂದು ದಿನ ಅವನು ಸಂಕೋಚದಿಂದ ಒಂದು ಮಾತು ಕೇಳಿದ. ಪರೀಕ್ಷೆಯ ಬದಲು ಪ್ರಕರಣ ಅಧ್ಯಯನವೊಂದನ್ನು ಬರೆದುಕೊಡಬೇಕಾಗಿದೆ, ನಿಜವಾಗಿ ನಡೆದ ಒಂದು ಕೆಲಸ ಬೇಕು, ತಾರೀಖುಗಳು ನಿಜವಾಗಿರಬೇಕು. “ಅಭಿನಂದನ ಗ್ರಂಥದ ಕಡತ ನಿಮ್ಮ ಬಳಿ ಇದೆಯಲ್ಲ ಸಾರ್?”

ಇತ್ತು. ಕೊಡಲು ಮನಸ್ಸಿರಲಿಲ್ಲ.

ನಮಗೆಲ್ಲ ಹಳಗನ್ನಡ ಕಲಿಸಿದ ಗುರುಗಳಿಗೆ ಎಂಬತ್ತು ತುಂಬುವ ದಿನ ಒಂದು ಗ್ರಂಥವನ್ನು ಅವರ ಕೈಯಲ್ಲಿಡಬೇಕೆಂದು ನಾವು ಹಳೆಯ ವಿದ್ಯಾರ್ಥಿಗಳು ನಿಶ್ಚಯಿಸಿದ್ದೆವು. ಎಂಟು ತಿಂಗಳು ಕಾಲವಿತ್ತು. ಮೂವತ್ತೆರಡು ಲೇಖನಗಳು, ಮೂವರು ಸಂಪಾದಕರು, ಹಿರಿಯ ವಿದ್ವಾಂಸರೊಬ್ಬರ ಮುನ್ನುಡಿ. ನಾನು ಸಮಿತಿಯ ಕಾರ್ಯದರ್ಶಿ. ಕರಡು ಹಾಳೆಗಳನ್ನು ಹೊತ್ತು ಅಚ್ಚುಕೂಟಕ್ಕೂ ನಮ್ಮ ಮನೆಗೂ ಸೈಕಲ್ಲಿನಲ್ಲಿ ಓಡಾಡಿದವನು ಆಗ ಬಿ.ಎಸ್ಸಿ. ಓದುತ್ತಿದ್ದ ಈ ಹುಡುಗನೇ. ಗ್ರಂಥ ಹೊರಬಂದದ್ದು ಗೊತ್ತಾದ ದಿನಕ್ಕಿಂತ ಹದಿನಾಲ್ಕು ತಿಂಗಳು ತಡವಾಗಿ. ಅಷ್ಟರಲ್ಲಿ ಗುರುಗಳು ತೀರಿಕೊಂಡು ಐದು ತಿಂಗಳಾಗಿತ್ತು. ಮುಖಪುಟವನ್ನು ನಾವು ಎಲ್ಲಕ್ಕಿಂತ ಮೊದಲೇ ಅಚ್ಚುಹಾಕಿಸಿ ಇಟ್ಟುಕೊಂಡಿದ್ದೆವು. ಆದ್ದರಿಂದ ‘ಅಭಿನಂದನ ಗ್ರಂಥ’ ಎಂಬ ಅಕ್ಷರಗಳ ಮೇಲೆ ‘ಸಂಸ್ಮರಣ ಗ್ರಂಥ’ ಎಂಬ ಚೀಟಿಯನ್ನು ಒಂದೊಂದು ಪ್ರತಿಗೂ ಅಂಟಿಸಬೇಕಾಯಿತು. ಕನ್ನಡದ ಪುಸ್ತಕ ಪ್ರಪಂಚವನ್ನು ಬಲ್ಲವರಿಗೆ ಇದು ಹೊಸ ಸಂಗತಿಯೇನೂ ಅಲ್ಲ. ಆದರೂ ಆ ಅಂಟಿನ ವಾಸನೆ ನನ್ನ ಬೆರಳುಗಳಲ್ಲಿ ಇನ್ನೂ ಇದ್ದಂತಿದೆ.

ಕೊನೆಗೆ ಕಡತವನ್ನು ಕೊಟ್ಟೆ: ಪತ್ರಗಳು, ಇ-ಮೇಲುಗಳ ಪ್ರತಿ, ಸಮಿತಿಯ ನಡಾವಳಿಯ ಪುಸ್ತಕ, ನಾನು ದಿನದಿನದ ಕೆಲಸವನ್ನು ಗುರುತುಹಾಕುತ್ತಿದ್ದ ಟಿಪ್ಪಣಿ ಪುಸ್ತಕ. ಮೂರು ವಾರದ ಮೇಲೆ ಅವನು ದೊಡ್ಡದೊಂದು ಹಾಳೆಯನ್ನು ನಮ್ಮ ಊಟದ ಮೇಜಿನ ಮೇಲೆ ಹರಡಿದ.

ನಾವು ಆರಂಭದಲ್ಲಿ ಒಪ್ಪಿಕೊಂಡಿದ್ದ ಲೆಕ್ಕ ಹೀಗಿತ್ತು: ಲೇಖನಗಳು ಬರಲು ೯೦ ದಿನ, ಸಂಪಾದನೆಗೆ ೩೦, ಅಕ್ಷರ ಜೋಡಣೆಗೆ ೩೦, ಎರಡು ಸಲ ಕರಡು ತಿದ್ದಲು ೨೫, ಇಡೀ ಗ್ರಂಥವನ್ನು ಕಣ್ಣಾರೆ ನೋಡಿದ ಮೇಲೆಯೇ ಮುನ್ನುಡಿ ಬರೆಯುವುದಾಗಿ ಹಿರಿಯರು ಹೇಳಿದ್ದರಿಂದ ಅದಕ್ಕೆ ೧೫, ಅಚ್ಚಿಗೆ ೧೨, ರಟ್ಟು ಕಟ್ಟಲು ೮. ಒಂದರ ಹಿಂದೆ ಒಂದು. ಒಟ್ಟು ೨೧೦ ದಿನ. ೨೪೦ ದಿನಗಳಿದ್ದುದರಿಂದ ಒಂದು ತಿಂಗಳು ಕೈಯಲ್ಲಿ ಉಳಿಯುತ್ತದೆಂದು ನಾವು ನೆಮ್ಮದಿಯಾಗಿದ್ದೆವು. ಮುಖಪುಟದ ಚಿತ್ರಕ್ಕೂ ಅದರ ಅಚ್ಚಿಗೂ ಸೇರಿ ೩೫ ದಿನ. ಅದು ಬೇಕಾಗುವುದು ರಟ್ಟು ಕಟ್ಟುವಾಗ, ಎಂದರೆ ೨೦೨ನೆಯ ದಿನ. ಹುಡುಗ ಕೆಂಪು ಮಸಿಯಲ್ಲಿ ಬರೆದಿದ್ದ: ಮುಖಪುಟದ ಸಾವಕಾಶ, ೧೬೭ ದಿನ. ನಡಾವಳಿಯ ಪ್ರಕಾರ ಮೊದಲ ನಾಲ್ಕು ಸಭೆಗಳಲ್ಲಿ ಮೂರು ನಡೆದದ್ದು ಮುಖಪುಟದ ಬಣ್ಣದ ವಿಚಾರವಾಗಿ. ಅದೇ ತಿಂಗಳುಗಳಲ್ಲಿ ಲೇಖಕರಿಗೆ ಹೋದ ನೆನಪೋಲೆ ಒಂದೇ ಒಂದು.

“ಇಷ್ಟಕ್ಕೆ ಕೂಡುವುದು ಕಳೆಯುವುದು ಸಾಕು, ಸಾರ್. ನನ್ನ ಗೆಳೆಯರು ಹೇಳಿದ್ದು ಸುಳ್ಳಲ್ಲ” ಎಂದ. “ಗಣಿತ ಬರುವುದು ಈ ಮೂವತ್ತೆರಡು ಜನರ ಹತ್ತಿರ.”

ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಎರಡು ಲೇಖನಗಳು ಬರಬೇಕಾಗಿವೆ ಎಂದುಕೊಳ್ಳಿ. ಒಂದೊಂದೂ ಹತ್ತನೆಯ ದಿನ ಬರಬಹುದು, ಇಲ್ಲವೆ ಇಪ್ಪತ್ತನೆಯ ದಿನ. ಎರಡಕ್ಕೂ ಸಮಾನ ಸಂಭವ. ಸರಾಸರಿ ಹದಿನೈದು ದಿನ. ಆದರೆ ಮುಂದಿನ ಕೆಲಸ ಎರಡೂ ಕೈಸೇರುವವರೆಗೆ ಕಾಯಬೇಕು. ಎರಡೂ ಹತ್ತರಂದೇ ಬರುವುದು ನಾಲ್ಕರಲ್ಲಿ ಒಂದು ಸಲ; ಉಳಿದ ಮೂರು ಸಲವೂ ಇಪ್ಪತ್ತು. ಕಾಯುವಿಕೆಯ ಸರಾಸರಿ ಹದಿನೈದಲ್ಲ, ಹದಿನೇಳೂವರೆ. ಪರ್ಟ್ ವಿಧಾನದ ಮೊದಲ ರೂಪ ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಹಲವು ದಾರಿಗಳು ಒಂದು ಕಡೆ ಕೂಡುವ ಕೆಲಸಗಳಲ್ಲಿ ಅದು ಯಾವಾಗಲೂ ಕಡಿಮೆ ದಿನಗಳನ್ನೇ ತೋರಿಸುತ್ತದೆ. ಎರಡರ ಕಥೆ ಇದಾದರೆ ಮೂವತ್ತೆರಡರದು? ನಮ್ಮ ಲೇಖಕರೆಲ್ಲರೂ ನೂರಕ್ಕೆ ತೊಂಬತ್ತು ಸಲ ಮಾತಿಗೆ ತಪ್ಪದ ಸತ್ಯವಂತರೆಂದೇ ಇಟ್ಟುಕೊಳ್ಳಿ; ಒಬ್ಬರ ತಡಕ್ಕೂ ಇನ್ನೊಬ್ಬರ ತಡಕ್ಕೂ ಸಂಬಂಧವಿಲ್ಲವೆಂದೂ ಇಟ್ಟುಕೊಳ್ಳಿ. ಮೂವತ್ತೆರಡೂ ಲೇಖನಗಳು ಹೇಳಿದ ದಿನಕ್ಕೆ ಬರುವ ಸಂಭವ ನೂರರಲ್ಲಿ ಮೂರೂವರೆಗಿಂತ ಕಡಿಮೆ. (ವಾಸ್ತವವಾಗಿ ಸಂಬಂಧವಿದೆ. ಇತರರು ಇನ್ನೂ ಕೊಟ್ಟಿಲ್ಲವೆಂಬ ಸುದ್ದಿ ವಿದ್ವಾಂಸರಲ್ಲಿ ಬಹು ಬೇಗ ಹರಡುತ್ತದೆ.) ಗೊತ್ತಾದ ದಿನ ನಮ್ಮ ಕೈಯಲ್ಲಿದ್ದದ್ದು ಇಪ್ಪತ್ತೊಂದು. ಕಡೆಯದು ಬಂದದ್ದು ಹದಿಮೂರನೆಯ ತಿಂಗಳಲ್ಲಿ. ಆ ಕಡೆಯ ಲೇಖಕರನ್ನು ನಾನು ಬಹುಕಾಲ ಮನಸ್ಸಿನಲ್ಲಿ ಬೈದುಕೊಂಡಿದ್ದೆ. ಮೂವತ್ತೆರಡು ಜನರಲ್ಲಿ ಯಾರಾದರೊಬ್ಬರು ಆ ಸ್ಥಾನದಲ್ಲಿ ಇರಲೇಬೇಕಾಗಿತ್ತೆಂದು ಈ ಹಾಳೆ ಹೇಳುತ್ತಿತ್ತು.

ಇನ್ನು ಮೂರು ಎಣಿಕೆಗಳ ವಿಚಾರ. ಒಂದು ಕೆಲಸ ಎಲ್ಲವೂ ಅನುಕೂಲವಾದರೆ ಎಷ್ಟು ದಿನ, ಸಹಜವಾಗಿ ಎಷ್ಟು ದಿನ, ಎಲ್ಲವೂ ಪ್ರತಿಕೂಲವಾದರೆ ಎಷ್ಟು ದಿನ ಎಂದು ಕೇಳಿ, ನಡುವಿನದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿಸಿ, ಆರರಿಂದ ಭಾಗಿಸುವುದು ಪರ್ಟ್‌ನವರ ಸೂತ್ರ. ಮುನ್ನುಡಿಗೆ ಹುಡುಗ ಹಾಕಿದ ಎಣಿಕೆ ೭, ೧೫, ೯೫. ಲೆಕ್ಕ ಮಾಡಿದರೆ ೨೭ ದಿನ ಬರುತ್ತದೆ. ನಾವು ಬರೆದುಕೊಂಡಿದ್ದ ಹದಿನೈದಕ್ಕೆ ಹನ್ನೆರಡು ಹೆಚ್ಚು. ಈ ನಾಲ್ಕು ಮತ್ತು ಆರು ಎಲ್ಲಿಂದ ಬಂದುವೆಂದು ನಾನು ಕೇಳಿದೆ. ಅವನು ನಕ್ಕು ಒಂದು ಸ್ವಾರಸ್ಯವನ್ನು ಹೇಳಿದ. ಸೂತ್ರವನ್ನು ರೂಪಿಸಿದವರಲ್ಲೊಬ್ಬನಾದ ಕ್ಲಾರ್ಕ್ ಎಂಬಾತ ೧೯೬೨ರಲ್ಲಿ ಬರೆದ ಕಿರು ಟಿಪ್ಪಣಿಯೊಂದರಲ್ಲಿ, ಕೆಲಸಗಳ ಅವಧಿ ನಿಜವಾಗಿ ಯಾವ ರೀತಿಯಲ್ಲಿ ಹರಡಿಕೊಂಡಿರುತ್ತದೆಂಬ ಮಾಹಿತಿ ತನ್ನಲ್ಲಿಲ್ಲವೆಂದು ಸ್ಪಷ್ಟವಾಗಿ ಒಪ್ಪಿಕೊಂಡಿದ್ದಾನಂತೆ. ಲೆಕ್ಕಕ್ಕೆ ಒದಗುವ ಒಂದು ಆಕಾರ ಬೇಕಾಗಿತ್ತು, ತೆಗೆದುಕೊಂಡರು. ಇಷ್ಟು ನೇರವಾಗಿ ಹೇಳಿದವನ ಮೇಲೆ ನನಗೆ ಗೌರವವೇ ಹುಟ್ಟಿತು. ನಮ್ಮ ಕವಿಕಾಲನಿರ್ಣಯದ ಲೇಖನಗಳಲ್ಲಿ ಇಂಥ ವಾಕ್ಯ ಎಷ್ಟು ಅಪೂರ್ವ!

ಸೂತ್ರ ಹೇಗಾದರೂ ಇರಲಿ, ಅದರೊಳಕ್ಕೆ ಹಾಕುವ ಅಂಕಿಗಳನ್ನು ಯಾರೋ ಒಬ್ಬರು ಬಾಯಿಬಿಟ್ಟು ಹೇಳಬೇಕು. ೧೯೯೪ರಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಕೆನಡಾದಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಈ ವಿಷಯದಲ್ಲಿ ಪರೀಕ್ಷಿಸಿದರು. ಎಷ್ಟು ದಿನದಲ್ಲಿ ಮುಗಿಸುವಿರಿ ಎಂದು ಕೇಳಿದಾಗ ಬಂದ ಉತ್ತರಗಳ ಸರಾಸರಿ ಸುಮಾರು ೩೪ ದಿನ. ಎಲ್ಲವೂ ಸುಗಮವಾದರೆ ೨೭. ಎಲ್ಲವೂ ಕೆಟ್ಟರೆ? ೪೯. ನಿಜವಾಗಿ ಹಿಡಿದದ್ದು ಸರಾಸರಿ ೫೫ ದಿನಗಳಿಗೂ ಹೆಚ್ಚು. ಎಲ್ಲವೂ ಕೆಡಲಿ ಎಂದು ಊಹಿಸಿಕೊಂಡಾಗಲೂ ಮನುಷ್ಯನಿಗೆ ಸಾಕಷ್ಟು ಕೆಟ್ಟದ್ದು ಹೊಳೆಯುವುದಿಲ್ಲ. ಕಾನಮನ್ ಮತ್ತು ಟ್ವೆರ್ಸ್ಕಿ ಎಂಬಿಬ್ಬರು ೧೯೭೯ರಲ್ಲಿಯೇ ಈ ದೌರ್ಬಲ್ಯಕ್ಕೆ ಒಂದು ಹೆಸರಿಟ್ಟಿದ್ದರು. ‘ಯೋಜನೆಯ ಭ್ರಾಂತಿ’ ಎಂದು ಕನ್ನಡಿಸಬಹುದು. ಅದಕ್ಕೆ ಅವರು ಸೂಚಿಸಿದ ಮದ್ದು ಸರಳವಾದದ್ದು: ನಿನ್ನ ಕೆಲಸದ ಒಳಗನ್ನೇ ನೋಡುತ್ತ ಕೂರಬೇಡ, ಇಂಥದೇ ಕೆಲಸಕ್ಕೆ ಇತರರಿಗೆ ಎಷ್ಟು ದಿನ ಹಿಡಿಯಿತೆಂದು ಕೇಳು. ನನ್ನ ಬೀರುವಿನಲ್ಲಿ ಒಂಬತ್ತು ಅಭಿನಂದನ ಗ್ರಂಥಗಳಿವೆ. ಅವುಗಳ ಸಂಪಾದಕರಲ್ಲಿ ಐವರು ನನಗೆ ಸ್ನೇಹಿತರು. ಒಬ್ಬರನ್ನೂ ನಾನು ಕೇಳಿರಲಿಲ್ಲ.

ತಡವಾಗುತ್ತಿದೆಯೆಂದು ತಿಳಿದ ಮೇಲೆ ನಾವೊಂದು ಉಪಾಯ ಮಾಡಿದೆವು. ಮೂವರಿದ್ದ ಸಂಪಾದಕರನ್ನು ಎಂಟು ಮಂದಿಗೆ ಏರಿಸಿದೆವು. ಶಾಲೆಯಲ್ಲಿ ಕಲಿತ ಲೆಕ್ಕವೇ ಇದಕ್ಕೆ ಆಧಾರ. ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ ಒಂದು ಕೊಳವಿದೆ, ನಾಲ್ಕು ಒರತೆಗಳು ಅದನ್ನು ಬೇರೆ ಬೇರೆಯಾಗಿ ಒಂದು ದಿನ, ಅರ್ಧ ದಿನ, ದಿನದ ಮೂರನೆಯ ಒಂದು ಪಾಲು, ಆರನೆಯ ಒಂದು ಪಾಲು ಕಾಲದಲ್ಲಿ ತುಂಬುತ್ತವೆ, ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ? ದಿನದ ಹನ್ನೆರಡನೆಯ ಒಂದು ಪಾಲಿನಲ್ಲಿ ಕೊಳ ತುಂಬುತ್ತದೆ. ಒರತೆಗಳಿಗೆ ಒಂದು ಸೌಕರ್ಯವಿದೆ: ಅವು ಒಂದರ ಜೊತೆ ಒಂದು ಮಾತನಾಡಬೇಕಾಗಿಲ್ಲ. ಐ.ಬಿ.ಎಂ. ಕಂಪನಿಯಲ್ಲಿ ಗಣಕಯಂತ್ರದ ಬಹುದೊಡ್ಡ ಕ್ರಮವಿಧಿಯೊಂದನ್ನು ಬರೆಸಿ ಪಾಡುಪಟ್ಟ ಫ್ರೆಡರಿಕ್ ಬ್ರೂಕ್ಸ್ ೧೯೭೫ರ ತನ್ನ ಪುಸ್ತಕದಲ್ಲಿ ಹೇಳಿದ್ದು ಇದನ್ನೇ. ತಡವಾಗಿರುವ ಕೆಲಸಕ್ಕೆ ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ. ಏಕೆಂದರೆ ಹೊಸಬರಿಗೆ ಹಳಬರು ಎಲ್ಲವನ್ನೂ ವಿವರಿಸಬೇಕು, ಪ್ರತಿಯೊಬ್ಬರೂ ಪ್ರತಿಯೊಬ್ಬರೊಡನೆ ಮಾತನಾಡಬೇಕು. ಮೂವರಿದ್ದಾಗ ಮಾತಿನ ಜೋಡಿಗಳು ಮೂರು. ಎಂಟು ಮಂದಿಯಾದಾಗ ಇಪ್ಪತ್ತೆಂಟು. ನಮ್ಮಲ್ಲಿ ಒಬ್ಬರು ‘ಮಹತ್ವ’ ಎಂದು ತಿದ್ದಿದ್ದನ್ನು ಇನ್ನೊಬ್ಬರು ‘ಮಹತ್ತ್ವ’ ಎಂದು ತಿದ್ದಿದರು. ಒಬ್ಬರಿಗೆ ‘ಒಂದನೆಯ’ ಬೇಕು, ಒಬ್ಬರಿಗೆ ‘ಒಂದನೇ’. ಮೂವರು ಸಂಪಾದಕರು ಮೊದಲ ವಾರದಲ್ಲಿಯೇ ಇತ್ಯರ್ಥ ಮಾಡಿಕೊಂಡಿದ್ದ ಇಂಥ ನಲವತ್ತು ಪ್ರಶ್ನೆಗಳು ಹೊಸ ಐವರೊಡನೆ ಮತ್ತೆ ಎದ್ದು ಕುಳಿತವು. ಕರಡಿಗೆ ಗೊತ್ತುಮಾಡಿದ್ದ ೨೫ ದಿನಗಳು ೧೧೦ ಆದುವು. ಅಕ್ಷರ ಜೋಡಿಸುವ ಹೆಣ್ಣುಮಗಳು ಒಂದು ದಿನ ನನ್ನನ್ನು ಕರೆದು, “ನಿಮ್ಮಲ್ಲಿ ಯಾರ ಮಾತು ಕೊನೆಯದು ಸಾರ್?” ಎಂದು ಕೇಳಿದಳು. ನಿರ್ವಹಣಶಾಸ್ತ್ರದ ಇಡೀ ಒಂದು ಅಧ್ಯಾಯ ಆ ಪ್ರಶ್ನೆಯಲ್ಲಿತ್ತು.

ಹಾಗಾದರೆ ಗಣಿತದ ವಿದ್ಯಾರ್ಥಿಗೆ ಈ ವಿಷಯದಲ್ಲಿ ಏನಿದೆ? ಬೇಕಾದಷ್ಟಿದೆ ಎಂದು ಹುಡುಗನ ವಾದ. ಹಣ ಹೆಚ್ಚು ಕೊಟ್ಟು ಕೆಲವು ಕೆಲಸಗಳನ್ನು ಬೇಗ ಮುಗಿಸುವುದಾದರೆ ಯಾವುದನ್ನು ಎಷ್ಟು ಬೇಗ ಮಾಡಿಸುವುದು ಲಾಭ ಎಂಬ ಪ್ರಶ್ನೆಗ ೧೯೬೧ರಲ್ಲಿಯೇ ಕೆಲಿ ಡ್ಯಾಂಟ್‌ಸಿಗ್‌ನ ದಾರಿ ಹಿಡಿದು ಉತ್ತರ ಬರೆದ. ಅದೇ ಒಬ್ಬ ಅಕ್ಷರ ಜೋಡಕಿ ಹಲವು ಲೇಖನಗಳಿಗೆ ಬೇಕಾದಾಗ ಯಾವುದನ್ನು ಮೊದಲು ಕೊಡಬೇಕೆಂಬ ಪ್ರಶ್ನೆ ಎಷ್ಟು ಕಠಿಣವೆಂದರೆ, ದೊಡ್ಡ ಬಲೆಗಳಲ್ಲಿ ಅತ್ಯುತ್ತಮ ಉತ್ತರವನ್ನು ಬೇಗನೆ ಕೊಡುವ ವಿಧಾನ ಇಂದಿಗೂ ಯಾರ ಕೈಗೂ ಸಿಕ್ಕಿಲ್ಲ. ಸಿಕ್ಕುವುದೇ ಇಲ್ಲವೆಂದು ಸಾಧಿಸಿದವರೂ ಇಲ್ಲ. ನಕ್ಕ ಗೆಳೆಯರಿಗೆ ಅವನು ಈ ಲೆಕ್ಕವನ್ನು ಬಿಡಿಸಲು ಕೊಟ್ಟನಂತೆ.

ನನ್ನ ಆಕ್ಷೇಪ ಬೇರೊಂದು ಕಡೆ. ಅವನ ಪಠ್ಯಪುಸ್ತಕವನ್ನೂ ಹಳೆಯ ಪ್ರಶ್ನಪತ್ರಿಕೆಗಳನ್ನೂ ನಾನು ತಿರುವಿ ನೋಡಿದೆ. ‘ಎ’ ಕೆಲಸಕ್ಕೆ ೪ ದಿನ, ‘ಬಿ’ ಕೆಲಸಕ್ಕೆ ೬ ದಿನ, ನಿರ್ಣಾಯಕ ಪಥವನ್ನು ಕಂಡುಹಿಡಿಯಿರಿ. ಎಲ್ಲ ಪ್ರಶ್ನೆಗಳಲ್ಲಿಯೂ ದಿನಗಳನ್ನು ಮೊದಲೇ ಅಚ್ಚುಹಾಕಿ ಕೊಟ್ಟಿರುತ್ತಾರೆ. ಕಷ್ಟವಾದ ಕೆಲಸವನ್ನು ಪ್ರಶ್ನೆ ತೆಗೆದವರೇ ಮಾಡಿಬಿಟ್ಟಿದ್ದಾರೆ! ನಾಲ್ಕು ಎಂದವನು ಯಾರು? ಅವನು ಯಾರೆದುರಿಗೆ ನಿಂತು ನಾಲ್ಕು ಎಂದ? ಅವನಿಗೆ ಆರು ಎನ್ನುವ ಧೈರ್ಯವಿತ್ತೆ? ಪೊಲಾರಿಸ್ ಕ್ಷಿಪಣಿಯೇನೋ ೧೯೬೦ರ ಜುಲೈನಲ್ಲಿ ನೀರಿನೊಳಗಿಂದ ಯಶಸ್ವಿಯಾಗಿ ಹಾರಿತು; ಪರ್ಟ್‌ನ ಕೀರ್ತಿ ಜಗತ್ತನ್ನೆಲ್ಲ ವ್ಯಾಪಿಸಿತು. ಆದರೆ ೧೯೭೨ರಲ್ಲಿ ಆ ಕಾರ್ಯದ ಚರಿತ್ರೆಯನ್ನು ಬರೆದ ಹಾರ್ವೆ ಸಪೋಲ್‌ಸ್ಕಿ ಎಂಬ ವಿದ್ವಾಂಸ, ಕೆಲಸ ನಡೆಯುವುದಕ್ಕೆ ಪರ್ಟ್‌ನಿಂದಾದ ಸಹಾಯ ಅಲ್ಪ, ಕೆಲಸ ಚೆನ್ನಾಗಿ ನಡೆಯುತ್ತಿದೆಯೆಂದು ಹೊರಗಿನವರನ್ನು ನಂಬಿಸುವುದಕ್ಕೆ ಆದ ಸಹಾಯ ಅಪಾರ, ಎಂಬ ನಿರ್ಣಯಕ್ಕೆ ಬಂದ. ಇದನ್ನು ನಾನು ಓದಿ ಹೇಳಿದಾಗ ಹುಡುಗನಿಗೆ ಸ್ವಲ್ಪ ನೋವಾಯಿತು. ನನಗೂ ಸಂತೋಷವೇನಾಗಲಿಲ್ಲ.

‘ಆಗುತ್ತೆ ಸಾರ್’, ‘ನೋಡೋಣ’, ‘ಇನ್ನೇನು, ಮುಗಿದಂತೆಯೇ’, ‘ಬರೆಯುತ್ತಲೇ ಇದ್ದೇನೆ’. ಇವುಗಳಲ್ಲಿ ಯಾವುದು ಹತ್ತು ದಿನ, ಯಾವುದು ನೂರು ದಿನ, ಯಾವುದು ಎಂದೂ ಇಲ್ಲ, ಎಂಬುದನ್ನು ತಿಳಿಯಲು ಕಿವಿ ಬೇಕು. ಮಾತಿನ ಕಾಕುವನ್ನು ಹಿಡಿಯುವುದು ನಮ್ಮ ಕಸುಬು ಎಂದು ನಾವು ಸಾಹಿತ್ಯದವರು ಹೇಳಿಕೊಳ್ಳುತ್ತೇವೆ. ಮುನ್ನುಡಿಯ ಹಿರಿಯರು ‘ನೋಡೋಣ’ ಎಂದಾಗ ಅದರ ಅರ್ಥ ನನಗೆ ಹೊಳೆಯದೆ ಇರಲಿಲ್ಲ. ಅವರ ಕಣ್ಣಿನ ಪೊರೆ ಬಲಿತಿತ್ತು. ಹೇಳಿಕೊಳ್ಳಲು ಅವರಿಗೆ ಅಭಿಮಾನ, ಕೇಳಲು ನನಗೆ ದಾಕ್ಷಿಣ್ಯ. ನಡಾವಳಿಯಲ್ಲಿ ‘೧೫ ದಿನ’ ಎಂದು ಬರೆದುಕೊಂಡೆ. ಒಬ್ಬ ವಿದ್ಯಾರ್ಥಿಯನ್ನು ದಿನವೂ ಅವರ ಮನೆಗೆ ಕಳುಹಿಸಿ ಲೇಖನಗಳನ್ನು ಓದಿ ಹೇಳಿಸಿದ್ದರೆ ಮುನ್ನುಡಿ ಎರಡು ವಾರದಲ್ಲಿ ಮುಗಿಯುತ್ತಿತ್ತು. ಕೊನೆಗೆ ಹಾಗೆಯೇ ಮಾಡಿದೆವು, ತೊಂಬತ್ತು ದಿನಗಳ ಮೇಲೆ.

ಹುಡುಗನ ಪ್ರಕರಣ ಅಧ್ಯಯನಕ್ಕೆ ಒಳ್ಳೆಯ ಅಂಕಗಳು ಬಂದುವು. ಹೋದ ತಿಂಗಳು ಆ ಬರೆಹವನ್ನು ನನಗೆ ತೋರಿಸಲು ತಂದಿದ್ದ. ಯಾರ ಹೆಸರೂ ಅದರಲ್ಲಿಲ್ಲ. ಮುನ್ನುಡಿಕಾರರು, ಸಂಪಾದಕರು, ಕಾರ್ಯದರ್ಶಿ ಎಂದಷ್ಟೇ ಇದೆ. ಕೊನೆಯ ಪುಟದಲ್ಲಿ ಒಂದು ಸಣ್ಣ ಕೋಷ್ಟಕವಿತ್ತು. ಗುರುಗಳನ್ನು ನೋಡಲು ಹೋದ ದಿನಗಳನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಗುರುತುಮಾಡಿದ್ದೆ. ಹೋದಾಗಲೆಲ್ಲ ಅವರು “ಎಷ್ಟು ದಿನ ಬೇಕಾದೀತಪ್ಪ?” ಎಂದು ಕೇಳುತ್ತಿದ್ದರು, ನಾನು ಉತ್ತರ ಹೇಳಿ, ಹೇಳಿದ್ದನ್ನು ಬರೆದಿಟ್ಟಿದ್ದೆ. ನಾಲ್ಕು ತಾರೀಖುಗಳು, ಅವುಗಳೆದುರಿಗೆ ನಾಲ್ಕು ಸಲವೂ ‘ಮುಂದಿನ ತಿಂಗಳು’. ಅದರ ಪಕ್ಕದಲ್ಲಿ ಆಯಾ ದಿನ ನಿಜವಾಗಿ ಎಷ್ಟು ಕೆಲಸ ಉಳಿದಿತ್ತೆಂಬುದನ್ನು ಹುಡುಗ ಲೆಕ್ಕಹಾಕಿ ತುಂಬಿದ್ದ: ೩೧೦ ದಿನ, ೨೬೫, ೨೧೦, ೧೬೦. ನಾಲ್ಕನೆಯ ಭೇಟಿಯಲ್ಲಿ ಗುರುಗಳು ಆ ಪ್ರಶ್ನೆ ಕೇಳಿದ ಮೇಲೆ ಇನ್ನೊಂದು ಮಾತೂ ಹೇಳಿದ್ದರು. ಜೋಡಣೆಯಾದಷ್ಟು ಹಾಳೆಗಳನ್ನಾದರೂ ತಂದುಕೊಡು, ಓದುತ್ತಿರುತ್ತೇನೆ ಎಂದು. “ಕರಡಿನಲ್ಲಿ ತಪ್ಪುಗಳಿವೆ ಸಾರ್, ಪುಸ್ತಕವಾದ ಮೇಲೆಯೇ ನೋಡಿ” ಎಂದಿದ್ದೆ. ಇಪ್ಪತ್ತು ಲೇಖನಗಳ ಹಾಳೆಗಳು ಅಂದು ನನ್ನ ಕೈಚೀಲದಲ್ಲಿಯೇ ಇದ್ದುವು. ಇದು ಟಿಪ್ಪಣಿ ಪುಸ್ತಕದಲ್ಲಿ ಇಲ್ಲ, ಹುಡುಗನಿಗೆ ತಿಳಿಯದು.

ಕೋಷ್ಟಕದ ಪಕ್ಕದಲ್ಲಿ ಅವನ ಅಧ್ಯಾಪಕರು ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಬರೆದಿದ್ದರು: ‘ಕಾರ್ಯದರ್ಶಿಗೆ ಆಯಾ ದಿನ ಸರಿಯಾದ ಉತ್ತರ ತಿಳಿದಿತ್ತೆ, ಅಥವಾ ಅವರೂ ಭ್ರಾಂತಿಯಲ್ಲಿದ್ದರೆ?’

“ಇದಕ್ಕೆ ನಾನು ಏನೂ ಬರೆದಿಲ್ಲ ಸಾರ್” ಎಂದ ಹುಡುಗ. “ನಿಮ್ಮನ್ನು ಕೇಳದೆ ಬರೆಯಬಾರದೆಂದು ಬಿಟ್ಟಿದ್ದೇನೆ.”

ಮೊದಲ ಎರಡು ಸಲ ತಿಳಿದಿರಲಿಲ್ಲ, ಕೊನೆಯ ಎರಡು ಸಲ ತಿಳಿದಿತ್ತು ಎಂದು ಹೇಳಿದೆ. ಅವನು ಪೆನ್ಸಿಲ್ ತೆಗೆದು ಹಾಗೆಯೇ ಬರೆದುಕೊಂಡ.